ಬತ್ತಿಸ್ತೀನಾ ಹಿಂದಿರುಗಿಸಿದ ತಟ್ಟೆ

ಎರ್ಮೀನಿಯಾ ಬತ್ತಿಸ್ತೀನಾಳನ್ನು ಮೊದಲ ಸಲ ನೋಡಿದ್ದು ಅಕ್ಟೋಬರ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ. ಆ ಬೆಟ್ಟದೂರಿನ ಶಾಲೆಗೆ ಎರ್ಮೀನಿಯಾ ಟೀಚರಾಗಿ ಬಂದು ಆಗಿನ್ನೂ ಒಂಬತ್ತು ದಿನವಾಗಿತ್ತು. ಬಾಡಿಗೆಗೆ ಕೋಣೆ ಕೊಟ್ಟಿದ್ದ ಮುದುಕಿ ಔರೇಲಿಯಾಳಿಗೆ ಮಂಡಿನೋವು. ಹಾಗಾಗಿ ವಾರದ ಬ್ರೆಡ್ಡಿನ ಹಿಟ್ಟನ್ನು ಓಣಿಯ ಭಟ್ಟಿಗೆ ಒಯ್ಯುವ ಕೆಲಸ ಬಾಡಿಗೆಯವಳ ಪಾಲಿಗೆ ಬಂದಿತ್ತು. ಔರೇಲಿಯಾ ಅವಳ ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಸಿಂಬೆಯ ಮೇಲೆ ಉದ್ದನೆಯ ಹಲಗೆ ಇಟ್ಟು, ಹಲಗೆಯ ಮೇಲೆ ನಾಲ್ಕು ದಪ್ಪ ಉಂಡೆಗಳನ್ನು ಸಾಲಾಗಿ ಕೂರಿಸಿ, ಕಾಲು ನೋಡಿಕೊಂಡು ನಡೆಯಬೇಡ, ಮುಂದೆ ನೋಡು ಎಂದು ಹೇಳಿ ಕಳಿಸಿದಳು.

ಓಣಿಯ ಕಲ್ಲುಮೆಟ್ಟಿಲು ಮಂಜಿಗೆ ಒದ್ದೆಯಾಗಿತ್ತು. ಓಕ್ ಸೌದೆಯ ಹೊಗೆ ಎಲ್ಲಿಂದ ಬರುತ್ತಿದೆ ಎಂದು ಮೂಗಿನಿಂದಲೇ ಹುಡುಕುತ್ತಾ ಅವಳು ಒಂದು ಗಿಡ್ಡ ಬಾಗಿಲ ಮುಂದೆ ನಿಂತಳು. ಒಳಗೆ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಆರೇಳು ಹೆಂಗಸರು ಕೂತಿದ್ದರು. ಭಟ್ಟಿಯ ಬಾಯಿಯ ಎದುರು ಒಬ್ಬಳು ಬೆನ್ನು ಮಾಡಿ ನಿಂತು, ಉದ್ದ ಹಿಡಿಯ ಮರದ ಸಲಿಕೆಯಿಂದ ಬೆಂದ ಬ್ರೆಡ್ಡುಗಳನ್ನು ಒಂದೊಂದಾಗಿ ಹೊರಗೆ ಎಳೆಯುತ್ತಿದ್ದಳು. ಎತ್ತರದ ಹೆಂಗಸು, ಮೂವತ್ತೆಂಟೋ ನಲವತ್ತೋ. ಉಟ್ಟಿದ್ದ ಬಟ್ಟೆ ಬೂದಿ ಬಣ್ಣದ್ದು. ಆ ಊರಿನಲ್ಲಿ ವಿಧವೆಯರು ಕಪ್ಪು ಉಡುತ್ತಿದ್ದರು, ಉಳಿದವರು ಬಣ್ಣದ್ದು ಉಡುತ್ತಿದ್ದರು. ಭಟ್ಟಿಯ ಕೆಲಸದವಳಲ್ಲವೇ, ಬೂದಿ ಕಾಣದಿರಲೆಂದು ಹೀಗೆ ಉಟ್ಟಿರಬೇಕು ಎಂದು ಎರ್ಮೀನಿಯಾ ಅಂದುಕೊಂಡಳು.

ಆ ಹೆಂಗಸು ತಿರುಗಿ, ಏನೂ ಕೇಳದೆ ಹಲಗೆಯನ್ನು ಅವಳ ತಲೆಯಿಂದ ಇಳಿಸಿಕೊಂಡಳು. ಒಂದು ಉಂಡೆಯನ್ನು ಬೆರಳಿನಿಂದ ಒತ್ತಿ ಸ್ವಲ್ಪ ಹೊತ್ತು ನೋಡಿದಳು. ಬೆರಳಿನ ಗುಳಿ ಕೂಡಲೇ ಮುಚ್ಚಿಕೊಂಡಿತು.

"ಇದಿನ್ನೂ ನಿದ್ದೆಯಿಂದ ಎದ್ದಿಲ್ಲ," ಅಂದಳು. "ತಂದೋಳೂ ಎದ್ದ ಹಾಗೆ ಕಾಣಲ್ಲ."

ಬೆಂಚಿನವರು ನಕ್ಕರು. ಎರ್ಮೀನಿಯಾಳ ಮುಖ ಕೆಂಪಾಯಿತು. ಅವಳು ಕುರಿ ಕಾಯುವವನ ಮಗಳು. ಮನೆತನದಲ್ಲಿ ಓದಿ ಕೆಲಸ ಹಿಡಿದವರಲ್ಲಿ ಮೊದಲನೆಯವಳು. ಜನ ನಕ್ಕರೆ ತನ್ನ ಕಾಲಿನ ಚಪ್ಪಲಿ ನೋಡಿ ನಕ್ಕರು ಎಂದೇ ತಿಳಿಯುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಆದರೆ ಆ ಹೆಂಗಸು ನಗಲಿಲ್ಲ. ಹಲಗೆಯನ್ನು ಭಟ್ಟಿಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲಿಟ್ಟು ಕಂಬಳಿ ಹೊದಿಸಿ, ಟೀಚರಮ್ಮನಿಗೂ ಅದರ ಪಕ್ಕದಲ್ಲೇ ಜಾಗ ಮಾಡಿಕೊಟ್ಟಳು. ಒಂದು ಗಂಟೆಯ ಹೊತ್ತು ಹಿಟ್ಟೂ ಎರ್ಮೀನಿಯಾಳೂ ಅಕ್ಕಪಕ್ಕ ಕೂತು ಬೆಚ್ಚಗಾದರು. ಆ ಹೆಂಗಸು ಬತ್ತಿಸ್ತೀನಾ, ಭಟ್ಟಿ ಅವಳದು, ಅವಳ ತಾಯಿಯದೂ ಆಗಿತ್ತು ಎಂಬುದು ಆ ಒಂದು ಗಂಟೆಯಲ್ಲಿ ಬೆಂಚಿನವರ ಮಾತಿನಿಂದ ತಿಳಿಯಿತು.

ಆಮೇಲೆ ಪ್ರತಿ ಶನಿವಾರ ಹೀಗೇ ಆಯಿತು. ನಸುಕಿನಲ್ಲೇ ಬತ್ತಿಸ್ತೀನಾ ಓಣಿಯಲ್ಲಿ ನಡೆದು ಬಂದು, ಯಾರ ಸರದಿಯೋ ಅವರ ಬಾಗಿಲು ತಟ್ಟಿ, ಹಿಟ್ಟು ನಾದಿಕೊಳ್ಳಿ ಎಂದು ಹೇಳಿ ಹೋಗುತ್ತಿದ್ದಳು. ಒಬ್ಬರ ಬ್ರೆಡ್ಡು ಇನ್ನೊಬ್ಬರದರ ಜೊತೆ ಬೆರೆಯದಂತೆ ಪ್ರತಿ ಮನೆಗೂ ಹಿಟ್ಟಿನ ಮೇಲೆ ಒತ್ತುವ ಒಂದು ಗುರುತಿತ್ತು. ಔರೇಲಿಯಾಳ ಮನೆಯದು ಬಾಚಣಿಗೆಯ ಹಲ್ಲು. ಇನ್ನೊಂದು ಮನೆಯದು ಹೊಲಿಗೆಯ ಬೆರಳುಟೋಪಿ. ಮತ್ತೊಂದರದು ಫೋರ್ಕಿನ ನಾಲ್ಕು ಗೆರೆ. ಈ ಗುರುತು ಗಂಡನ ಮನೆಯಿಂದ ಬರುವುದು. ಹೆಣ್ಣು ಮದುವೆಯಾದ ದಿನ ತವರಿನ ಗುರುತು ಬಿಟ್ಟು ಅತ್ತೆಯ ಗುರುತು ಹಿಡಿಯುತ್ತಿದ್ದಳು. ಭಟ್ಟಿಯ ಬಾಯಿಯ ಮೇಲೆ ಒಂದು ಮೊಳೆಗೆ ಮರದ ಅಚ್ಚೊಂದು ತೂಗುತ್ತಿತ್ತು, ಹೊಗೆಗೆ ಕಪ್ಪಾದದ್ದು, ಮುಖದಲ್ಲಿ ನಕ್ಷತ್ರ ಕೆತ್ತಿದ್ದು. ಅದು ಬತ್ತಿಸ್ತೀನಾಳ ಗಂಡ ಸಾವೇರಿಯೋ ಮದುವೆಗೆ ಮುಂಚೆ ತನ್ನ ಮನೆಯ ಗುರುತೆಂದು ಕೆತ್ತಿಕೊಟ್ಟದ್ದು. ಅವನು ಬೆಲ್ಜಿಯಂನ ಕಲ್ಲಿದ್ದಲ ಗಣಿಯಲ್ಲಿದ್ದಾನೆ ಎಂದರು. ಓಣಿಯ ಅರ್ಧ ಗಂಡಸರು ಅಲ್ಲೋ ಜರ್ಮನಿಯಲ್ಲೋ ಇದ್ದುದರಿಂದ ಎರ್ಮೀನಿಯಾಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಭಟ್ಟಿಯ ಕೂಲಿಯಾಗಿ ಪ್ರತಿ ಮನೆಯವರೂ ಒಂದು ಬ್ರೆಡ್ಡು ಬಿಟ್ಟುಹೋಗುತ್ತಿದ್ದರು. ಒಂಟಿ ಜೀವಕ್ಕೆ ಅದೇ ಹೆಚ್ಚು. ಆದರೂ ಬತ್ತಿಸ್ತೀನಾ ವಾರಕ್ಕೊಂದು ಬ್ರೆಡ್ಡು ತಾನೇ ನಾದಿ, ನಕ್ಷತ್ರ ಒತ್ತಿ, ಎಲ್ಲರದೂ ಆದ ಮೇಲೆ ಬೇಯಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಔರೇಲಿಯಾಳ ಅಡುಗೆಮನೆಯಲ್ಲಿ ಎರ್ಮೀನಿಯಾ ಓಣಿಯವರಿಗೆ ಕಾಗದ ಬರೆದುಕೊಡುತ್ತಿದ್ದಳು. ಗಂಡನಿಗೆ, ಮಗನಿಗೆ, ಮೈದುನನಿಗೆ. ಬಂದ ಕಾಗದವನ್ನು ಓದಿ ಹೇಳುವುದೂ ಅವಳೇ. ಹೆರಿಗೆಯ ಸುದ್ದಿ, ಮುರಿದ ಕಾಲಿನ ಸುದ್ದಿ, ಸಾವಿನ ಸುದ್ದಿ ಎಲ್ಲವೂ ಈಗ ಟೀಚರಮ್ಮನ ಬಾಯಿಂದಲೇ ಓಣಿಗೆ ಬರುತ್ತಿದ್ದವು. ಬತ್ತಿಸ್ತೀನಾ ಮಾತ್ರ ಕಾಗದ ಬರೆಸಲು ಒಮ್ಮೆಯೂ ಬರಲಿಲ್ಲ. ಅವಳಿಗೆ ಅಕ್ಷರ ಬರುತ್ತದೇನೋ ಎಂದು ಎರ್ಮೀನಿಯಾ ಸುಮ್ಮನಿದ್ದಳು.

ಡಿಸೆಂಬರ್ ಹದಿಮೂರರಿಂದ ಓಣಿಯ ವಾಸನೆಯೇ ಬದಲಾಯಿತು. ಕ್ರಿಸ್ಮಸ್ಸಿನ ಸಿಹಿಯಾದ ಪಿಟ್ಟಾ ಬೇಯಿಸುವ ದಿನಗಳು ಬಂದಿದ್ದವು. ಮನೆಮನೆಯಲ್ಲೂ ಅಕ್ರೋಟು ಒಡೆಯುವ ಸದ್ದು; ಬಿಸಿ ಮಾಡಿದ ಜೇನು, ಲವಂಗ, ಕಿತ್ತಳೆ ಸಿಪ್ಪೆಯ ಪರಿಮಳ. ಹೆಂಗಸರು ಅಗಲವಾದ ಬೋಗುಣಿಗಳನ್ನು ಹೊತ್ತು ಭಟ್ಟಿಗೆ ಬರುತ್ತಿದ್ದರು. ಬತ್ತಿಸ್ತೀನಾ ಹಿಡಿಯಷ್ಟು ಹಿಟ್ಟನ್ನು ಭಟ್ಟಿಯ ನೆಲಕ್ಕೆ ಎರಚುತ್ತಿದ್ದಳು. ಅದು ಕೂಡಲೇ ಕರಿದಾದರೆ ಕಾಯಬೇಕು. ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಗೋದಿಯ ತೆನೆಯ ಬಣ್ಣಕ್ಕೆ ತಿರುಗಿದರೆ ಸರಿ. ಯಾರ ಪಿಟ್ಟಾಗೆ ಹೂರಣ ಹೆಚ್ಚಾಗಿದೆ, ಯಾರು ಜೇನಿನಲ್ಲಿ ಕೈ ಹಿಡಿದಿದ್ದಾರೆ ಎಂಬುದು ಅವಳಿಗೆ ಬೋಗುಣಿ ನೋಡಿಯೇ ತಿಳಿಯುತ್ತಿತ್ತು, ಹೇಳುತ್ತಿರಲಿಲ್ಲ.

ಈ ಹತ್ತು ದಿನಗಳಲ್ಲಿ ಎರ್ಮೀನಿಯಾ ಒಂದನ್ನು ಗಮನಿಸಿದಳು. ಬ್ರೆಡ್ಡು ಬಿಟ್ಟುಹೋಗುವ ಜನ ಪಿಟ್ಟಾದಲ್ಲಿ ಒಂದು ಚೂರನ್ನೂ ಬಿಟ್ಟುಹೋಗುತ್ತಿರಲಿಲ್ಲ. ಬದಲಿಗೆ ಮೊಟ್ಟೆಯನ್ನೋ ಎಣ್ಣೆಯನ್ನೋ ಕೊಡುತ್ತಿದ್ದರು. ಬತ್ತಿಸ್ತೀನಾ ತನ್ನದೂ ಒಂದು ಮಾಡಿಕೊಳ್ಳುತ್ತಿರಲಿಲ್ಲ. ಊರಿಗೆಲ್ಲ ಸಿಹಿ ಬೇಯಿಸಿದವಳ ಮನೆಯಲ್ಲಿ ಕ್ರಿಸ್ಮಸ್ ದಿನ ಸಿಹಿ ಇಲ್ಲ. ಎರ್ಮೀನಿಯಾಳ ಊರು ಕೆಳಗೆ, ಸಮುದ್ರದ ಕಡೆ. ಅಲ್ಲಿ ಡಿಸೆಂಬರ್ ಎಂಟಕ್ಕೇ ಬಾಣಲೆ ಇಟ್ಟು, ಕರಿದದ್ದನ್ನು ಮೊದಲು ನೆರೆಮನೆಗೆ ಕೊಟ್ಟು ಆಮೇಲೆ ತಿನ್ನುತ್ತಿದ್ದರು. ಇವರೆಷ್ಟು ಜಿಪುಣರು ಎಂದು ಅವಳಿಗೆ ಒಳಗೊಳಗೇ ಸಿಟ್ಟು ಬಂತು. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಸಿಟ್ಟು ಮಾತಿನಲ್ಲಿ ಹೊರಬಂದೀತು ಎಂದು ಕೇಳಲಿಲ್ಲ. ತಾನೇ ಒಂದು ಪಿಟ್ಟಾ ಮಾಡಿ ಆಕೆಗೆ ಕೊಡುತ್ತೇನೆ ಎಂದು ತೀರ್ಮಾನಿಸಿಕೊಂಡಳು. ಮಾಡುವುದನ್ನು ಕಲಿಸಿ ಎಂದು ಬತ್ತಿಸ್ತೀನಾಳನ್ನೇ ಕೇಳಿದಳು. ಊರಿಗೆ, ತಾಯಿಗೆ ಒಯ್ಯಲು ಕೇಳುತ್ತಿದ್ದಾಳೆಂದು ಆಕೆ ತಿಳಿದಳು. ಎರ್ಮೀನಿಯಾ ಅಲ್ಲವೆನ್ನಲಿಲ್ಲ.

ಇಪ್ಪತ್ತೆರಡನೆಯ ತಾರೀಕು, ಎಲ್ಲರ ಸರದಿಯೂ ಮುಗಿದ ಮೇಲೆ, ಭಟ್ಟಿಯ ಪಕ್ಕದ ಹಲಗೆಯ ಮೇಲೆ ಪಾಠ ನಡೆಯಿತು. ಕಣಕಕ್ಕೆ ನೀರು ಮುಟ್ಟಿಸಬಾರದು. ಎಣ್ಣೆ ಮತ್ತು ಸಿಹಿ ವೈನು, ಎರಡನ್ನೂ ಉಗುರುಬೆಚ್ಚಗೆ ಮಾಡಿ ಹಾಕಬೇಕು. ಅಕ್ರೋಟನ್ನು ಕುಟ್ಟಬಾರದು, ಹಲ್ಲಿಗೆ ಸಿಗುವ ಹಾಗೆ ಚಾಕುವಿನಲ್ಲಿ ಮುರಿಯಬೇಕು. ಒಣದ್ರಾಕ್ಷಿ ಹಿಂದಿನ ದಿನವೇ ನೆನೆದಿರಬೇಕು. ಕಣಕವನ್ನು ತೆಳ್ಳಗೆ ಲಟ್ಟಿಸಿ, ಹಲ್ಲುಚಕ್ರದಿಂದ ಉದ್ದುದ್ದ ಪಟ್ಟಿ ಕತ್ತರಿಸಿ, ಅದರ ಮೇಲೆ ಹೂರಣ ಹರಡಿ, ಪಟ್ಟಿಯನ್ನು ಉದ್ದಕ್ಕೆ ಮಡಚಿ, ಒಂದು ತುದಿಯಿಂದ ಸುತ್ತುತ್ತಾ ಬಂದರೆ ಗುಲಾಬಿ. ಅಂಥ ಹದಿಮೂರು ಗುಲಾಬಿಗಳನ್ನು ಕಣಕದ ಒಂದು ಅಗಲವಾದ ಹಾಳೆಯ ಮೇಲೆ ಒತ್ತೊತ್ತಾಗಿ ಕೂರಿಸಿ, ಹಾಳೆಯ ಅಂಚನ್ನು ಮೇಲೆತ್ತಿ ಸುತ್ತಲೂ ಬಿಗಿಯಬೇಕು.

ಬತ್ತಿಸ್ತೀನಾಳ ಕೈಯಲ್ಲಿ ಗುಲಾಬಿ ಎರಡು ಉಸಿರಿನಲ್ಲಿ ಮುಗಿಯುತ್ತಿತ್ತು. ಎರ್ಮೀನಿಯಾ ಸುತ್ತಿದ ಮೊದಲನೆಯದನ್ನು ಆಕೆ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು.

"ಇದು ಗುಲಾಬಿನೋ ಕೋಸೋ?"

"ನಿಮ್ಮ ಭಟ್ಟಿಗೆ ಹೋದ ಮೇಲೆ ಗುಲಾಬಿ ಆಗುತ್ತೆ."

"ಭಟ್ಟಿ ಬೇಯಿಸುತ್ತೆ ಟೀಚರಮ್ಮ, ತಿದ್ದಲ್ಲ. ತಿದ್ದೋದು ನಿಮ್ಮ ಕೆಲಸ."

ಬಿಗಿಯಾಗಿ ಸುತ್ತಿದರೆ ಒಳಗೆ ಬೇಯುವುದಿಲ್ಲ, ಸಡಿಲ ಬಿಟ್ಟರೆ ಜೇನೆಲ್ಲ ಹರಿದುಹೋಗುತ್ತದೆ ಎಂದು ಹೇಳಿ ಆಕೆ ಅದನ್ನು ಬಿಚ್ಚಿಸಿ ಮತ್ತೆ ಸುತ್ತಿಸಿದಳು. ಹನ್ನೊಂದು ವರ್ಷದಿಂದ ತನ್ನದೊಂದೂ ಮಾಡದವಳ ಬೆರಳುಗಳು ಆ ಸುತ್ತನ್ನು ಮರೆತಿರಲಿಲ್ಲ. ಹನ್ನೊಂದು ವರ್ಷ ಎನ್ನುವುದು ಆಗ ಎರ್ಮೀನಿಯಾಳಿಗೆ ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಗುರುತಿನ ಮಾತು ಬಂತು. ಔರೇಲಿಯಾಳ ಬಾಚಣಿಗೆ ಒತ್ತುವಂತಿಲ್ಲ, ಇದು ಆ ಮನೆಯದಲ್ಲ. ನಿಮ್ಮ ಮನೆಯ ಗುರುತೇನು ಎಂದು ಬತ್ತಿಸ್ತೀನಾ ಕೇಳಿದಳು. ತನಗೆ ಮನೆಯೂ ಇಲ್ಲ, ಗುರುತೂ ಇಲ್ಲ ಎಂದು ಎರ್ಮೀನಿಯಾ ಒಂದು ಗಳಿಗೆ ಯೋಚಿಸಿ, ಚೀಲದಿಂದ ಪೆನ್ನು ತೆಗೆದು ಅದರ ಮುಚ್ಚಳವನ್ನು ನಡುವಿನ ಗುಲಾಬಿಯ ಪಕ್ಕಕ್ಕೆ ಒತ್ತಿದಳು. ಸಣ್ಣ ಉಂಗುರ ಮೂಡಿತು.

ಬತ್ತಿಸ್ತೀನಾ ಅದನ್ನು ಬಹಳ ಹೊತ್ತು ನೋಡಿದಳು. "ಒಬ್ಬಳಿಗೇ ಒಂದು ಗುರುತು. ಇಂಥದ್ದು ಈ ಭಟ್ಟಿಗೆ ಬಂದಿರಲಿಲ್ಲ," ಎಂದು ಹೇಳಿ ಸಲಿಕೆ ಎತ್ತಿಕೊಂಡಳು.

ಮಾರನೆಯ ದಿನ, ಇಪ್ಪತ್ಮೂರು. ಶಾಲೆಗೆ ರಜೆ ಬಿಟ್ಟಿತ್ತು. ಎರ್ಮೀನಿಯಾಳ ಬಸ್ಸು ಅದರ ಮರುದಿನ ಬೆಳಗ್ಗೆ. ಮಧ್ಯಾಹ್ನ ಅವಳು ಪಿಟ್ಟಾವನ್ನು ಔರೇಲಿಯಾಳ ನೀಲಿ ಅಂಚಿನ ತಟ್ಟೆಯಲ್ಲಿಟ್ಟು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಓಣಿಯಲ್ಲಿ ನಡೆದಳು. ಬಾಗಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದ ಹೆಂಗಸರು ತಟ್ಟೆ ನೋಡಿ ಕೈ ನಿಲ್ಲಿಸಿದರು. ಒಬ್ಬಳು ಎದ್ದು ನಿಂತಳು. ತನ್ನ ಪಿಟ್ಟಾದ ಮೇಲೆ ಕಣ್ಣು ಎಂದು ಎರ್ಮೀನಿಯಾಳಿಗೆ ಹೆಮ್ಮೆಯಾಯಿತು.

ಬಾಗಿಲು ತೆರೆದ ಬತ್ತಿಸ್ತೀನಾ ಮೊದಲು ತಟ್ಟೆ ನೋಡಿದಳು, ಆಮೇಲೆ ಬಟ್ಟೆ, ಆಮೇಲೆ ಎರ್ಮೀನಿಯಾಳ ಮುಖ. ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಕಾಗದ ಬಂತಾ?" ಅಂದಳು.

"ಯಾವ ಕಾಗದ?"

"ಯಾರು ಬರೆದಿದ್ದಾರೆ? ಗಣಿಯವರಾ, ಅಲ್ಲಿನ ಪಾದ್ರಿನಾ? ಓದಿ ಹೇಳಿ. ನಿಂತೇ ಕೇಳ್ತೀನಿ."

ಎರ್ಮೀನಿಯಾ ತಬ್ಬಿಬ್ಬಾದಳು. ಯಾವ ಕಾಗದವೂ ಬಂದಿಲ್ಲ, ಯಾರೂ ಏನೂ ಬರೆದಿಲ್ಲ, ಕ್ರಿಸ್ಮಸ್ಸಿಗೆ ನೀವು ತಿನ್ನಲೆಂದು ತಂದೆ, ಅಷ್ಟೇ ಎಂದು ತಡವರಿಸಿದಳು. ಬತ್ತಿಸ್ತೀನಾ ಅಲ್ಲೇ ಹಿಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ತಟ್ಟೆಯನ್ನು ತೆಗೆದುಕೊಂಡಳು. ಸಿಟ್ಟಿನಿಂದಲ್ಲ, ತುಂಬಾ ಎಚ್ಚರದಿಂದ.

"ಹೋಗಿ ಟೀಚರಮ್ಮ," ಎಂದು ಬಾಗಿಲು ಹಾಕಿಕೊಂಡಳು.

ವಿಷಯ ತಿಳಿದದ್ದು ಔರೇಲಿಯಾಳಿಂದ. ಎರ್ಮೀನಿಯಾ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಮುದುಕಿ ನೋಯುವ ಮಂಡಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು.

"ಓದೋಕೆ ಬರುತ್ತೆ, ಬರೆಯೋಕೆ ಬರುತ್ತೆ, ಒಂದು ತಟ್ಟೆ ಹಿಡ್ಕೊಂಡು ನಡೆಯೋಕೆ ಬರಲ್ಲ ನಿನಗೆ. ಯಾರನ್ನ ಕೇಳಿ ಒಯ್ದೆ ಮಗಾ?"

ಆ ಊರಿನಲ್ಲಿ ಪಿಟ್ಟಾ ಹಂಚುವುದು ಕ್ರಿಸ್ಮಸ್ ಮುಗಿದ ಮೇಲೆ, ಸಂತ ಸ್ಟೀಫನ್ನರ ದಿನದಿಂದ. ಅದಕ್ಕೆ ಮುಂಚೆ ಒಂದು ಮನೆಯ ಪಿಟ್ಟಾ ಇನ್ನೊಂದು ಮನೆಯ ಹೊಸ್ತಿಲು ದಾಟಿದರೆ ಅದಕ್ಕೆ ಒಂದೇ ಅರ್ಥ. ಆ ಮನೆಯಲ್ಲಿ ಸಾವಾಗಿದೆ. ಸಾವಿನ ಮನೆಯವರು ಸಿಹಿ ಮಾಡುವಂತಿಲ್ಲ. ಅದಕ್ಕೇ ನೆರೆಯವರು ತಂದುಕೊಡುತ್ತಾರೆ. ಸಾವೇರಿಯೋ ಗಣಿಗೆ ಹೋದ ಮೇಲೆ ಎರಡು ವರ್ಷ ಕಾಗದ ಬಂದವು, ಉಳಿದ ಗಂಡಸರ ಹಾಗೆ ಕ್ರಿಸ್ಮಸ್ಸಿಗೆ ಅವನೂ ಬಂದುಹೋದ. ಆಮೇಲೆ ಹನ್ನೊಂದು ವರ್ಷ ಒಂದು ಸಾಲೂ ಇಲ್ಲ. ಸತ್ತ ಎಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆ ಎಂದೂ ಹೇಳಲಿಲ್ಲ. ಮನೆಯ ಯಜಮಾನ ಮೊದಲ ತುಂಡು ಕತ್ತರಿಸದೆ ಪಿಟ್ಟಾ ತಿನ್ನುವುದು ಸಲ್ಲದು, ಆದ್ದರಿಂದ ಅವನು ಬಂದ ಮೇಲೆ ಮಾಡುತ್ತೇನೆ ಎಂದು ಬತ್ತಿಸ್ತೀನಾ ಕಾಗದ ನಿಂತ ಮೊದಲ ಡಿಸೆಂಬರಿನಲ್ಲೇ ಹೇಳಿದ್ದಳು. ಅವಳು ಮಾಡಿಕೊಳ್ಳುವುದಿಲ್ಲ. ಓಣಿಯವರು ಕೊಡುವಂತಿಲ್ಲ, ಪಿಟ್ಟಾ ಮಾಡದ ಮನೆಗೆ ಯಾವ ದಿನ ಕೊಟ್ಟರೂ ಅವನನ್ನು ಸಾಯಿಸಿದ ಹಾಗೆ. ಬೂದಿ ಬಣ್ಣದ ಬಟ್ಟೆಯೂ ಅದಕ್ಕೇ. ಕಪ್ಪು ಉಡುವ ಹಾಗಿಲ್ಲ, ಬಣ್ಣ ಉಡುವ ಮನಸ್ಸಿಲ್ಲ.

ಜಿಪುಣರೆಂದು ಅಂದುಕೊಂಡದ್ದು ಎರ್ಮೀನಿಯಾಳ ನೆನಪಿಗೆ ಬಂತು. ಹನ್ನೊಂದು ವರ್ಷ ಒಂದು ಓಣಿ ಪೂರ್ತಿ ಒಬ್ಬ ಹೆಂಗಸಿನ ಕಾಯುವಿಕೆಯನ್ನು ಮುಟ್ಟದೆ ಕಾಪಾಡಿತ್ತು. ತಾನು ಬಿಳಿ ಬಟ್ಟೆ ಮುಚ್ಚಿ ಹೋಗಿ ಅದನ್ನು ಮುರಿದು ಬಂದಿದ್ದಳು. ಅದೂ ಸಾವಿನ ಕಾಗದ ಓದುವ ಬಾಯಿಯವಳು.

ಈಗಲೇ ಹೋಗಿ ತಟ್ಟೆ ವಾಪಸ್ಸು ತರುತ್ತೇನೆ ಎಂದಳು. ಔರೇಲಿಯಾ ಬೇಡವೆಂದು ಕೈ ಆಡಿಸಿದಳು. ಕೊಟ್ಟ ತಟ್ಟೆಯನ್ನು ಕೇಳಿ ಪಡೆಯುವಂತಿಲ್ಲ. ತಟ್ಟೆ ಬರುವುದು ತೆಗೆದುಕೊಂಡವರ ಇಷ್ಟದಂತೆ. ಸಾವಿನ ಮನೆಯಿಂದ ಬರುವ ತಟ್ಟೆ ಬರಿದಾಗಿ ಬರುತ್ತದೆ. ಸುಖದ ಮನೆಯಿಂದ ಬರುವ ತಟ್ಟೆಯಲ್ಲಿ ಆ ಮನೆಯದೇ ಏನಾದರೂ ಇರುತ್ತದೆ.

"ಇನ್ನು ಓಣಿಯೆಲ್ಲ ನನ್ನ ತಟ್ಟೆಗೆ ಕಾಯುತ್ತೆ," ಎಂದಳು ಔರೇಲಿಯಾ. "ಬರಿದಾಗಿ ಬಂದ್ರೆ ನಾವೂ ಕಪ್ಪು ಶಾಲು ಹೊದ್ದು ಅವಳ ಮನೆಗೆ ಹೋಗ್ಬೇಕು. ಸಾವೇರಿಯೋ ಸತ್ತ ಅಂತ ಲೆಕ್ಕ."

ಮರುದಿನ ಬೆಳಗ್ಗೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಎರ್ಮೀನಿಯಾ ಹತ್ತಲಿಲ್ಲ. ತಾಯಿಗೆ ತಂತಿ ಕಳಿಸಿ, ಅಲ್ಲಿಂದ ನೇರ ಭಟ್ಟಿಗೆ ಹೋದಳು. ಬೆಂಚು ಖಾಲಿಯಿತ್ತು. ಬತ್ತಿಸ್ತೀನಾ ಮಂಡಿಯೂರಿ ಬೂದಿ ಬಳಿಯುತ್ತಿದ್ದಳು. ಪಿಟ್ಟಾ ಗೋಡೆಯ ಗೂಡಿನಲ್ಲಿತ್ತು, ಬಟ್ಟೆ ತೆಗೆದಿರಲಿಲ್ಲ.

ಎರ್ಮೀನಿಯಾ ಕ್ಷಮೆ ಕೇಳಿದಳು. ಬಸ್ಸಿಗೆ ಹೋಗಲಿಲ್ಲವೇ ಎಂದಷ್ಟೇ ಬತ್ತಿಸ್ತೀನಾ ಕೇಳಿದಳು. ಇಲ್ಲ ಎಂದದ್ದಕ್ಕೆ, ಹಾಗಾದರೆ ಆ ಬಕೆಟ್ಟು ಹಿಡಿದುಕೊ ಎಂದಳು. ನಿನ್ನೆಯ ತನಕ ಇದ್ದ ಬಹುವಚನ ಹೋಗಿತ್ತು. ಅದು ಸಿಟ್ಟೋ ಸಲಿಗೆಯೋ ಎರ್ಮೀನಿಯಾಳಿಗೆ ತಿಳಿಯಲಿಲ್ಲ. ಮೂರು ಬಕೆಟ್ಟು ಬೂದಿ ಹೊತ್ತು ಹಾಕಿ ಬಂದಳು. ಮೂರನೆಯದರ ನಂತರ ಬತ್ತಿಸ್ತೀನಾ ಬೆನ್ನು ನೇರ ಮಾಡಿಕೊಂಡು ಬೆಂಚಿನ ಮೇಲೆ ಕೂತಳು.

"ಭಾನುವಾರ ಭಾನುವಾರ ನೀನು ಕಾಗದ ಓದ್ತಿದ್ದಾಗ, ಕಿಟಕಿ ಕೆಳಗೆ ನಡ್ಕೊಂಡು ಹೋಗ್ತಿದ್ದೆ. ನನ್ನ ಹೆಸರು ಬರುತ್ತೇನೋ ಅಂತ," ಎಂದಳು. "ನಿನ್ನೆ ನೀನು ತಟ್ಟೆ ಹಿಡ್ಕೊಂಡು ನಿಂತಿದ್ದೆಯಲ್ಲ, ಆಗ ಏನಾಯ್ತು ಗೊತ್ತಾ? ಎದೆ ಒಡೆಯುತ್ತೆ ಅಂದ್ಕೊಂಡಿದ್ದೆ. ಒಡೀಲಿಲ್ಲ. ಅಬ್ಬ, ಮುಗೀತಲ್ಲ ಅಂತ ಅನ್ನಿಸ್ತು. ಆಮೇಲೆ ನೀನು ಕಾಗದ ಬಂದಿಲ್ಲ ಅಂದೆ. ಅದನ್ನ ಕೇಳಿ ಸಂತೋಷ ಆಗ್ಬೇಕಿತ್ತು ತಾನೆ. ಬೇಜಾರಾಯ್ತು. ಕಟ್ಟಿಕೊಂಡ ಗಂಡ ಸತ್ತಿಲ್ಲ ಅಂತ ಬೇಜಾರು ಮಾಡ್ಕೊಂಡೆ ನಾನು."

ಎರ್ಮೀನಿಯಾ ತಾನು ಹೇಳಬಲ್ಲ ಒಂದೇ ಮಾತು ಹೇಳಿದಳು. ಗಣಿಯ ಕಚೇರಿಗೆ, ಅಲ್ಲಿನ ಚರ್ಚಿಗೆ ಬರೆಯುತ್ತೇನೆ. ಎರಡು ತಿಂಗಳಲ್ಲಿ ಉತ್ತರ ಬರುತ್ತದೆ. ಇದ್ದಾನೋ ಇಲ್ಲವೋ ತಿಳಿಯುತ್ತದೆ.

"ಇಷ್ಟು ವರ್ಷ ಬರೆಸಲಿಲ್ಲ, ಉತ್ತರ ಬಂದುಬಿಟ್ರೆ ಅಂತ ಹೆದರಿ," ಎಂದಳು ಬತ್ತಿಸ್ತೀನಾ. "ಇವತ್ತು ಆ ಹೆದರಿಕೆ ಇಲ್ಲ. ಆದ್ರೆ ಉತ್ತರವೂ ಬೇಡ. ಸತ್ತಿದ್ರೆ ಅವನ ಪಾಡು ದೇವರದು. ಇದ್ದರೆ ದಾರಿ ಅವನಿಗೆ ಗೊತ್ತು. ನನ್ನ ವಿಷಯ ಏನು ಅಂತ ಬೆಲ್ಜಿಯಂನೋರು ಬರೆದು ತಿಳಿಸ್ಬೇಕಾ?"

ಹಾಗಾದರೆ ತಟ್ಟೆ, ಎಂದು ಕೇಳುವುದು ಎರ್ಮೀನಿಯಾಳ ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಏಳುವಾಗ ಬತ್ತಿಸ್ತೀನಾ ತಾನಾಗಿಯೇ ಹೇಳಿದಳು: "ಔರೇಲಿಯಾಗೆ ಹೇಳು, ಅವಳ ತಟ್ಟೆ ಒಡೆಯಲ್ಲ ಅಂತ."

ಕ್ರಿಸ್ಮಸ್ ದಿನ ಓಣಿ ಎಂದಿನಂತೆ ಗದ್ದಲವಾಗಿರಲಿಲ್ಲ. ಚರ್ಚಿನಲ್ಲಿ ಬತ್ತಿಸ್ತೀನಾ ತನ್ನ ಜಾಗದಲ್ಲಿ ಅದೇ ಬೂದಿ ಬಣ್ಣದ ಬಟ್ಟೆಯಲ್ಲಿ ಕೂತಿದ್ದಳು. ಜನ ಅವಳ ಮುಖ ನೋಡಿ ಏನೂ ಓದಲಾಗದೆ, ಎರ್ಮೀನಿಯಾಳ ಮುಖ ನೋಡಿದರು. ಔರೇಲಿಯಾ ಕಪ್ಪು ಶಾಲನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದಳು. ಬೇಕಾದರೆ ಇರಲಿ, ನುಸಿಗುಳಿಗೆಯ ವಾಸನೆ ಹೋಗಲಿ ಎಂದಳು. ಎರ್ಮೀನಿಯಾ ತನ್ನ ಪಾಲಿನ ಪಿಟ್ಟಾವನ್ನು ಔರೇಲಿಯಾಳ ಕಡೆಗೆ ಸರಿಸಿದಳು. ತಟ್ಟೆ ಬರಿದಾಗಿ ಬಂದರೆ, ಬದುಕಿರಬಹುದಾದ ಒಬ್ಬ ಮನುಷ್ಯನಿಗೆ ಓಣಿ ಚರ್ಚಿನಲ್ಲಿ ಸಾವಿನ ಗಂಟೆ ಹೊಡೆಸುತ್ತದೆ. ಆ ಹೆಂಗಸು ಉಳಿದ ಆಯುಷ್ಯವೆಲ್ಲ ಕಪ್ಪು ಉಡುತ್ತಾಳೆ. ತಟ್ಟೆ ಬಾರದೇ ಹೋದರೆ ಮತ್ತೆ ಅದೇ ಬೂದಿ ಬಣ್ಣ. ಎರಡಕ್ಕೂ ಕಾರಣ ತಾನು.

ಇಪ್ಪತ್ತಾರರಂದು, ಸ್ಟೀಫನ್ನರ ದಿನ, ಹತ್ತು ಗಂಟೆಗೆ ಭಟ್ಟಿಯ ಚಿಮಣಿಯಲ್ಲಿ ಹೊಗೆ ಕಂಡಿತು. ಹಬ್ಬದ ಆ ಮೂರು ದಿನ ಭಟ್ಟಿ ಹೊತ್ತಿಸುವುದು ಆ ಓಣಿಯಲ್ಲಿ ಯಾರೂ ಕಂಡಿದ್ದಲ್ಲ. ಬಾಗಿಲುಗಳು ತೆರೆದವು. ಔರೇಲಿಯಾ ಕುರ್ಚಿಯನ್ನು ಮನೆಯ ಮುಂದಕ್ಕೆ ಎಳೆಸಿಕೊಂಡು, ಬೀನ್ಸು, ಚಾಕು ಮಡಿಲಲ್ಲಿಟ್ಟುಕೊಂಡು ಕೂತಳು. ಯಾರೂ ಹೋಗಿ ಇಣುಕಲಿಲ್ಲ. ಒಂದು ಗಂಟೆ ಕಳೆಯಿತು, ಇನ್ನೂ ಅರ್ಧ ಗಂಟೆ. ಆಮೇಲೆ ಗಿಡ್ಡ ಬಾಗಿಲಿನಿಂದ ಬತ್ತಿಸ್ತೀನಾ ಬಗ್ಗಿ ಹೊರಬಂದಳು.

ನೀಲಿ ಅಂಚಿನ ತಟ್ಟೆ ಅವಳ ಕೈಯಲ್ಲಿತ್ತು. ಅದರ ಮೇಲೆ ಬಟ್ಟೆ ಇರಲಿಲ್ಲ, ಎಲ್ಲರೂ ನೋಡಲಿ ಎನ್ನುವಂತೆ. ತಟ್ಟೆಯಲ್ಲಿ ಪಿಟ್ಟಾ ಇತ್ತು. ಬಿಸಿ ಇನ್ನೂ ಆರಿರಲಿಲ್ಲ, ಜೇನು ಹೊಳೆಯುತ್ತಿತ್ತು. ಹದಿಮೂರು ಗುಲಾಬಿ, ಒಂದೂ ಕೋಸಲ್ಲ.

ಬರಿದಾದ ತಟ್ಟೆಯಲ್ಲ. ಹಾಗಾದರೆ ಅವನಿದ್ದಾನೆ, ಅವಳು ಕಾಯುತ್ತಲೇ ಇರುತ್ತಾಳೆ ಎಂದು ಓಣಿ ತಿಳಿಯಿತು. ಔರೇಲಿಯಾ ಮಾತ್ರ ಕತ್ತು ಚಾಚಿ ಪಿಟ್ಟಾದ ನಡುವನ್ನು ನೋಡಿದಳು.

"ನಕ್ಷತ್ರ ಇಲ್ಲ," ಎಂದಳು ಮೆಲ್ಲಗೆ.

ನಕ್ಷತ್ರದ ಜಾಗದಲ್ಲಿ ಬೇರೊಂದು ಗುರುತಿತ್ತು. ಒಂದು ಅಗಲವಾದ ಉಂಗುರ, ಅದರಿಂದ ಇಳಿದ ಉದ್ದ ಗೆರೆ, ಗೆರೆಯ ತುದಿಯಲ್ಲಿ ಎರಡು ಹಲ್ಲು. ಭಟ್ಟಿಯ ಬಾಗಿಲಿನ ಬೀಗದಕೈ. ತಾಯಿಯಿಂದ ಬತ್ತಿಸ್ತೀನಾಳಿಗೆ ಬಂದದ್ದು, ದಿನವೂ ಅವಳ ಸೊಂಟದಲ್ಲಿ ತೂಗುತ್ತಿದ್ದದ್ದು.

"ನಿನ್ನ ತಟ್ಟೆ, ಎರ್ಮೀನಿಯಾ," ಎಂದಳು ಬತ್ತಿಸ್ತೀನಾ. ಟೀಚರಮ್ಮ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀನು ತಂದದ್ದನ್ನ ನಿನ್ನೆ ತಿಂದೆ. ಅಂಚಿನದೆಲ್ಲ ಚೆನ್ನಾಗಿತ್ತು. ನಡುವಿನ ಎರಡು ಹಸಿ. ಬಿಗಿಯಾಗಿ ಸುತ್ತಬೇಡ ಅಂದಿರಲಿಲ್ವಾ?"

ಎರ್ಮೀನಿಯಾ ತಟ್ಟೆ ತೆಗೆದುಕೊಂಡಳು. ಈಗ ಯಾರು ಕತ್ತರಿಸಬೇಕು ಎಂದು ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬತ್ತಿಸ್ತೀನಾ ಔರೇಲಿಯಾಳ ಮಡಿಲಿನಿಂದ ಬೀನ್ಸಿನ ಚಾಕು ತೆಗೆದುಕೊಂಡು, ಉಡುಪಿಗೆ ಒರೆಸಿ, ಬೀಗದಕೈ ಗುರುತಿನ ಮೇಲೆಯೇ ಚಾಕು ಇಟ್ಟು ಒತ್ತಿದಳು. ಮೊದಲ ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡಳು. ಅವಳು ನಿಧಾನವಾಗಿ ಅಗಿದು ನುಂಗುವವರೆಗೆ ಓಣಿಯೆಲ್ಲ ನಿಂತು ನೋಡಿತು. ಸಾವಿನ ಮನೆಯವಳಲ್ಲ, ಯಜಮಾನ ಬರಲೆಂದು ಕಾಯುವವಳೂ ಅಲ್ಲ. ಅಂಥವಳಿಗೆ ಆ ಊರಿನಲ್ಲಿ ಹೆಸರಿರಲಿಲ್ಲ.

ಕೊನೆಗೆ ಔರೇಲಿಯಾ ಕೂತಲ್ಲಿಂದಲೇ ಕೈ ಚಾಚಿದಳು. ಒಂದು ಗುಲಾಬಿ ತಿಂದು ಬೆರಳು ನೆಕ್ಕಿಕೊಂಡಳು.

"ಜೇನು ಜಾಸ್ತಿ ಆಯ್ತು," ಎಂದಳು.

"ಹನ್ನೊಂದು ವರ್ಷದಿಂದ ಉಳಿಸಿದ್ದು," ಎಂದಳು ಬತ್ತಿಸ್ತೀನಾ.

ಆಮೇಲೆ ಉಳಿದವರೂ ಬಂದರು. ತಟ್ಟೆ ಐದು ನಿಮಿಷದಲ್ಲಿ ಖಾಲಿಯಾಯಿತು. ಅವರವರ ಮನೆಯಿಂದ ಅವರವರ ಪಿಟ್ಟಾ ತಂದುಕೊಟ್ಟರು, ಸ್ಟೀಫನ್ನರ ದಿನ ಎಲ್ಲ ಮನೆಗೂ ಕೊಡುವ ಹಾಗೆ. ಆ ಸಂಜೆ ಬತ್ತಿಸ್ತೀನಾಳ ಮೇಜಿನ ಮೇಲೆ ಒಂಬತ್ತು ಮನೆಯ ಗುರುತುಗಳಿದ್ದವು.

ಎರ್ಮೀನಿಯಾ ಆ ಊರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ವರ್ಗವಾಗಿ ಕೆಳಗೆ ತನ್ನ ಊರಿನ ಕಡೆ ಬಂದಳು. ಅಲ್ಲಿಯೇ ಮದುವೆಯಾಯಿತು. ಮಗಳು ಹುಟ್ಟಿದಾಗ ದೀಕ್ಷಾಸ್ನಾನಕ್ಕೆ ಮಗುವನ್ನು ಎತ್ತಿಕೊಂಡವಳು ಬತ್ತಿಸ್ತೀನಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕುಮ್ಮಾ ಎಂದು ಕರೆಯುತ್ತಾರೆ. ಒಬ್ಬಳ ಮಗುವಿಗೆ ಇನ್ನೊಬ್ಬಳು ಧರ್ಮತಾಯಿಯಾದರೆ ಅಲ್ಲಿ ಹಾಗೆ ಕರೆಯುವುದು. ಪ್ರತಿ ಡಿಸೆಂಬರಿನಲ್ಲಿ ಎರ್ಮೀನಿಯಾ ಅಕ್ರೋಟಿನ ಚೀಲ ಹೊತ್ತು ಬಸ್ಸು ಹತ್ತಿ ಬೆಟ್ಟಕ್ಕೆ ಹೋಗುತ್ತಾಳೆ. ಅವಳ ಗುಲಾಬಿಗಳು ಈಗ ಸಡಿಲವಾಗಿವೆ ಎಂದು ಬತ್ತಿಸ್ತೀನಾ ದೂರುತ್ತಾಳೆ.

ಸಾವೇರಿಯೋನಿಂದ ಸುದ್ದಿ ಬರಲೇ ಇಲ್ಲ. ನಕ್ಷತ್ರದ ಅಚ್ಚು ಅದೇ ಮೊಳೆಗೆ ತೂಗುತ್ತಿದೆ. ಆಕೆ ಅದನ್ನು ಸುಡಲಿಲ್ಲ, ಬಳಸಲೂ ಇಲ್ಲ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಎರ್ಮೀನಿಯಾ ಒಮ್ಮೆ ಕೇಳಿದ್ದಳು. ಚೆನ್ನಾಗಿ ಕೆತ್ತಿದ್ದಾನೆ ಎಂದಷ್ಟೇ ಉತ್ತರ ಬಂದಿತ್ತು.

ಬತ್ತಿಸ್ತೀನಾಳಿಗೆ ಈಗ ಎಂಬತ್ತು ದಾಟಿದೆ. ಓಣಿಯ ಹೆಚ್ಚಿನ ಮನೆಗಳಲ್ಲಿ ಗ್ಯಾಸಿನ ಒಲೆ ಬಂದಿದೆ. ಆಕೆ ಶನಿವಾರ ಮಾತ್ರ ಭಟ್ಟಿ ಹೊತ್ತಿಸುತ್ತಾಳೆ. ಡಿಸೆಂಬರ್ ಹದಿಮೂರರಿಂದ ಹತ್ತು ದಿನ ಎಲ್ಲರ ಪಿಟ್ಟಾ ಬೇಯಿಸುತ್ತಾಳೆ. ಕೊನೆಯದಾಗಿ ತನ್ನದನ್ನು ಬೀಗದಕೈ ಒತ್ತಿ ಒಳಗಿಡುತ್ತಾಳೆ.